ನನ್ನ ಆರೋಗಣೆ ಆಯಿತು

ಕಾಲೇಜಿನ ಗುರು ಬು ನಾಸ್ತಿತಿ ತನ್ನನ್ನು ಹೊಗಳದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮುರ್ನಿ ಆ ಶುಕ್ರವಾರ ಬೆಳಗಿನಿಂದ ಐದಾರು ಸಲವಾದರೂ ಅಂದುಕೊಂಡಿದ್ದಳು. ಬೈದಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಂಡು, ತಿದ್ದಿಕೊಂಡು, ಮರೆತುಬಿಡಬಹುದಿತ್ತು; ಬೈಸಿಕೊಳ್ಳುವುದು ಮೂವತ್ತೆಂಟು ವರ್ಷಗಳಲ್ಲಿ ಅವಳಿಗೆ ಚೆನ್ನಾಗಿ ರೂಢಿಯಾದ ಕೆಲಸ. ಹೊಗಳಿಕೆಯನ್ನು ಎಲ್ಲಿಡಬೇಕೆಂದು ಮಾತ್ರ ತಿಳಿಯುತ್ತಿರಲಿಲ್ಲ. ಶಿಶುವಿಹಾರದ ನಲ್ಲಿಯ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈ ತೊಳೆಸುತ್ತಿದ್ದಳು. ತಿಂಡಿ ಡಬ್ಬಿ ಮುಚ್ಚಿ ಬಂದ ಒಂದೊಂದು ಮಗುವಿನ ಮುಂದೆಯೂ ಬಗ್ಗಿ, "ಪುಟ್ಟನ ಆರೋಗಣೆ ಆಯಿತೇ?" ಎಂದು ಕೇಳುತ್ತಿದ್ದಳು. ಜಾವಾ ನುಡಿಯ ತಾಯಂದಿರು, ಟೀಚರುಗಳು ಎಲ್ಲರೂ ಕೇಳುವುದು ಹೀಗೆಯೇ. ದೊಡ್ಡವರಿಗೆ ಸಲ್ಲಬೇಕಾದ ಮಾತನ್ನು ಮೊದಲು ಮಗುವಿಗೇ ಆಡುವುದು. ಕೇಳಿ ಕೇಳಿ ನಾಲಗೆಗೆ ಹತ್ತಿದ ಮೇಲೆ ಮಗು ಅದನ್ನು ಅಜ್ಜನಿಗೆ, ಮೇಷ್ಟರಿಗೆ, ಮನೆಗೆ ಬಂದವರಿಗೆ ಒಪ್ಪಿಸಬೇಕು, ತಾನೇ ಇಟ್ಟುಕೊಳ್ಳಬಾರದು. ದೊಡ್ಡವರು ಆರೋಗಣೆ ಮಾಡುತ್ತಾರೆ, ಪವಡಿಸುತ್ತಾರೆ, ದಯಮಾಡಿಸುತ್ತಾರೆ. ತಾನಾದರೆ ಉಣ್ಣಬೇಕು, ಮಲಗಬೇಕು, ಬರಬೇಕು. ಇದನ್ನು ಮುರ್ನಿಯೇ ಎಷ್ಟೋ ಸಲ ಹಲಗೆಯ ಮೇಲೆ ಎರಡು ಸಾಲಾಗಿ ಬರೆದು ತೋರಿಸಿದ್ದಾಳೆ. ಇವತ್ತು ಹಸಿರು ರಿಬ್ಬನ್ನಿನ ಒಂದು ಹುಡುಗಿ ಒದ್ದೆ ಕೈಯನ್ನು ಅವಳ ಬಾತಿಕ್ ಅಂಗಿಗೆ ಒರೆಸಿ, "ನಾನು ಆರೋಗಣೆ ಮಾಡಿದೆ, ಬು" ಎಂದಿತು. ಬು ಅಂದರೆ ಅಮ್ಮ; ಟೀಚರನ್ನೂ ಹಾಗೇ ಕರೆಯುವುದು. ಬೇರೆ ದಿನವಾಗಿದ್ದರೆ ನಕ್ಕು, 'ನಾನು ಉಂಡೆ' ಅನ್ನಬೇಕು ಎಂದು ತಿದ್ದುತ್ತಿದ್ದಳು. ಇವತ್ತು ತಿದ್ದಲಿಲ್ಲ. ಯಾವ ಮುಖ ಇಟ್ಟುಕೊಂಡು ತಿದ್ದುವುದು?

ಮಕ್ಕಳನ್ನು ಅವರವರ ಅಮ್ಮಂದಿರ ಮೋಟಾರ್‌ಸೈಕಲ್ಲುಗಳ ಮೇಲೆ ಹತ್ತಿಸಿ ಕಳಿಸಿದ ಮೇಲೆ ಫೋನು ತೆಗೆದು ನೋಡಿದಳು. ಬು ನಾಸ್ತಿತಿಯ ಸಂದೇಶ ಎರಡು ತಾಸಿನಿಂದ ಕಾದಿತ್ತು. ಎಲ್ಲರ ಬರಹವೂ ಓದುಗರಿಗೆ ತೆರೆದಾಗಿದೆ, ನಿಮ್ಮದೊಂದೇ ಬಾಕಿ, ಸಂಜೆಯವರೆಗೆ ಕಾಯುತ್ತೇನೆ, ನಿಮ್ಮದನ್ನೇ ಪಟ್ಟಿಯ ಮೊದಲು ಹಾಕಬೇಕೆಂದು ನನ್ನ ಆಸೆ, ಮೇಲೊಂದು ಟಿಪ್ಪಣಿಯನ್ನೂ ಬರೆದಿಟ್ಟಿದ್ದೇನೆ ಎಂದಿತ್ತು. ಕೊನೆಯಲ್ಲಿ ನಗುಮುಖದ ಒಂದು ಚಿತ್ರ. ಮುರ್ನಿಗಿಂತ ಒಂಬತ್ತು ವರ್ಷ ಚಿಕ್ಕವರು ಬು ನಾಸ್ತಿತಿ. ಆದರೂ ಪಾಠ ಹೇಳುವವರಾದ್ದರಿಂದ ಮುರ್ನಿ ಅವರೆದುರು ಬೆನ್ನು ಬಗ್ಗಿಸಿ ನಡೆಯುತ್ತಾಳೆ, ವಯಸ್ಸಿನಲ್ಲಿ ದೊಡ್ಡವಳೆಂದು ಅವರು ಮುರ್ನಿಯೆದುರು ಬಗ್ಗುತ್ತಾರೆ. ಬಾಗಿಲಲ್ಲಿ ಎದುರಾದರೆ ಇಬ್ಬರೂ ಬಗ್ಗಿ, ಯಾರು ಮೊದಲು ದಾಟಬೇಕೆಂದು ತಿಳಿಯದೆ ನಿಂತುಬಿಡುತ್ತಾರೆ. ಸೋಲೋ ನಗರದ ಆ ಕಾಲೇಜಿಗೆ ಮುರ್ನಿ ಪ್ರತಿ ಶನಿವಾರ ಕ್ಲಾತೆನ್‌ನಿಂದ ರೈಲು ಹತ್ತಿ ಹೋಗುತ್ತಾಳೆ. ಒಂದು ವರ್ಷ ಕಳೆದರೆ ಪ್ರಾಥಮಿಕ ಶಾಲೆಯಲ್ಲಿ ಜಾವಾ ನುಡಿ ಕಲಿಸುವುದಕ್ಕೆ ಅರ್ಹತೆ ಸಿಗುತ್ತದೆ. ನುಡಿ ಕಲಿಸುವುದಕ್ಕೆ!

ಮೊದಲ ಶನಿವಾರವೇ ಬು ನಾಸ್ತಿತಿ ಹೇಳಿದ್ದರು. ನೀವು ಬರೆಯುವುದನ್ನೆಲ್ಲ ಕಾಲೇಜಿನ ಜಾಲತಾಣದಲ್ಲಿ ಬರೆಯಿರಿ. ಪ್ರತಿ ಬರಹದ ತಲೆಯ ಮೇಲೂ ಒಂದು ಸಣ್ಣ ಪಟ್ಟಿ ಇರುತ್ತದೆ: ನನಗೆ ಮಾತ್ರ, ಗುರುಗಳಿಗೆ, ಗುಂಪಿಗೆ, ತರಗತಿಗೆ, ಎಲ್ಲರಿಗೂ. ಅವಸರವಿಲ್ಲ, ಒಂದೊಂದೇ ಬಾಗಿಲು ತೆರೆಯಿರಿ. ನಮ್ಮ ಹಳೆಯ ಮನೆಗಳ ಹಾಗೆ ಅಂದುಕೊಳ್ಳಿ, ಮೊದಲು ಒಳಕೋಣೆ, ಆಮೇಲೆ ನಡುಮನೆ, ಪಡಸಾಲೆ, ಕೊನೆಗೆ ನಾಲ್ಕೂ ಕಡೆ ಗೋಡೆಯಿಲ್ಲದ ಮುಂದಿನ ಮಂಟಪ. ಮದುಮಗಳನ್ನು ಯಾರೂ ಒಳಕೋಣೆಯಿಂದ ನೇರ ಬೀದಿಗೆ ತಂದು ನಿಲ್ಲಿಸುವುದಿಲ್ಲ. ತರಗತಿಯವರೆಲ್ಲ ತಲೆಯಾಡಿಸಿದ್ದರು. ಮುರ್ನಿಯೂ ಆಡಿಸಿದ್ದಳು; ಆದರೆ ಅಂಥ ಮನೆಯೆಂದರೆ ಅವಳಿಗೆ ನೆನಪಿಗೆ ಬರುವುದು ಬೇರೆ ಜಾಗ. ತಾಯಿ ಕೆಲಸಕ್ಕಿದ್ದ ದೊರೆಸಾನಿಯ ಮನೆಯಲ್ಲಿ ಒಳಕೋಣೆಯನ್ನು ಅವಳು ನೋಡಿದ್ದು ಒಮ್ಮೆ, ಅದೂ ಬಕೆಟ್ಟು ಹಿಡಿದುಕೊಂಡು. ಮಂಟಪವನ್ನು ನೋಡಿದ್ದು ಗುಡಿಸುವಾಗ. ಅವಳು ಬೆಳೆದದ್ದು ಹಿಂದಿನ ಅಡುಗೆಮನೆಯಲ್ಲಿ. ಅದರ ಬಾಗಿಲು ಯಾವ ಪಡಸಾಲೆಯನ್ನೂ ಕೇಳದೆ ನೇರವಾಗಿ ಹಿತ್ತಲ ಬೀದಿಗೆ ತೆರೆಯುತ್ತಿತ್ತು, ತರಕಾರಿಯವಳೂ ಬೆಕ್ಕೂ ಅದರಲ್ಲೇ ಒಳಗೆ ಬರುತ್ತಿದ್ದರು. ಬರೆಯಿರಿ ಎಂದಾಗ ಅವಳು ಬರೆದದ್ದೂ ಆ ಅಡುಗೆಮನೆಯನ್ನೇ. ಮೂರು ವಾರ 'ನನಗೆ ಮಾತ್ರ' ಎಂದಿಟ್ಟುಕೊಂಡು, ದಿನಕ್ಕೆ ನಾಲ್ಕು ಸಾಲು, ಅಳಿಸಿ ಬರೆದು, ಬರೆದು ಅಳಿಸಿ. ಆ ಮೂರು ವಾರ ಎಂಥ ಸುಖವಾಗಿತ್ತು. ಬಟ್ಟೆ ಒಗೆಯುವಾಗ ಒಂದು ಸಾಲು ನೆನಪಾದರೆ ತನ್ನಷ್ಟಕ್ಕೆ ನಗು ಬರುತ್ತಿತ್ತು. ಗಂಡ, ಏನೇ ಅದು, ಲಾಟರಿ ಹೊಡೀತಾ ಎಂದು ಕೇಳಿದ್ದ.

ಗುರುಗಳಿಗೆ ಎಂದು ತೆರೆದ ಮೂರನೆಯ ದಿನ ಬು ನಾಸ್ತಿತಿ ಅಂಚಿನಲ್ಲಿ ಒಂದೇ ಒಂದು ಪ್ರಶ್ನೆ ಹಾಕಿದ್ದರು. ಬೇರೆಯವರ ಬರಹದ ತುಂಬ ಕೆಂಪು ಗೆರೆ. ಅವಳದರಲ್ಲಿ ಎರಡು ಸಾಲಿಗೆ ಹಳದಿ ಬಣ್ಣ, ಪಕ್ಕದಲ್ಲಿ, 'ಇದು ಬೇಕೆಂದೇ ಮಾಡಿದ್ದೇ, ಬು ಮುರ್ನಿ?' ಯಾವುದು ಬೇಕೆಂದೇ ಎಂದು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಗುರುಗಳಿಗೆ ಹೇಳುವುದುಂಟೇ? 'ಇಂಗ್ಗಿ' ಎಂದು ಬರೆದು ಕಳಿಸಿದಳು. ಇಂಗ್ಗಿ ಅಂದರೆ ಹೌದು. ಆದರೆ ಬರೀ ಹೌದಲ್ಲ. ಕೇಳಿಸಿತು ಎಂದೂ ಆಗುತ್ತದೆ, ತಮ್ಮ ಚಿತ್ತ ಎಂದೂ ಆಗುತ್ತದೆ, ದಯವಿಟ್ಟು ಇನ್ನು ನನ್ನನ್ನು ಬಿಟ್ಟುಬಿಡಿ ಎಂದೂ ಆಗುತ್ತದೆ. ಎದುರಿಗೆ ನಿಂತು, ಕಣ್ಣು ನೆಲಕ್ಕೆ ಹಾಕಿ, ಕೊನೆಯಲ್ಲಿ ಸ್ವಲ್ಪ ಎಳೆದು ಅಂದಿದ್ದರೆ ಯಾವ ಜಾವಾದವರಿಗಾದರೂ ತಿಳಿಯುತ್ತಿತ್ತು, ಈ ಹೆಂಗಸಿಗೆ ಏನೂ ಗೊತ್ತಾಗಿಲ್ಲ ಎಂದು. ಅಂಚಿನಲ್ಲಿ ಬರೆದ ಇಂಗ್ಗಿಗೆ ಎಳೆತವಿಲ್ಲ, ಬಗ್ಗಿದ ಕತ್ತಿಲ್ಲ. ಅದು ಅಪ್ಪಟ ಹೌದಾಗಿ ಕೂತುಬಿಟ್ಟಿತು.

ಗೊತ್ತಾದದ್ದು ಗುಂಪಿಗೆ ತೆರೆದ ಮೇಲೆ. ಗುಂಪಿನಲ್ಲಿ ದಾನಾಂಗ್ ಎಂಬ ತರುಣ ಮೇಷ್ಟರಿದ್ದ. ಬೆಳಿಗ್ಗೆ ರೇಡಿಯೋದಲ್ಲಿ ಮಾತಾಡುವ ಕೆಲಸವೂ ಇದ್ದದ್ದರಿಂದ ಕ್ಯಾಂಟೀನಿನಲ್ಲಿ ಚಹಾ ಕೇಳಿದರೂ ಸುದ್ದಿ ಓದಿದ ಹಾಗಿರುತ್ತಿತ್ತು. ಅವನು ಅವಳ ಎದುರು ಕೂತು ಆ ಎರಡು ಸಾಲುಗಳನ್ನು ದನಿ ತಗ್ಗಿಸಿ ಓದಿದ: ನಾನು ಒಲೆಯ ಪಕ್ಕ ಕೂತು ಆರೋಗಣೆ ಮಾಡಿದೆ, ಅಕ್ಕಿ ಚೀಲದ ಮೇಲೆ ಪವಡಿಸಿದೆ. ಮಾಕ್ ಬಾಣಲೆಯ ತಳದ್ದು ಕೆರೆದು ತಿಂದಳು.

"ಅಕ್ಕಾ, ಕೆಲಸದವಳ ಮಗಳಿಗೆ ಆರೋಗಣೆ, ತಾಯಿಗೆ ಬರೀ ತಿಂದಳು. ಹೆಂಗ್ ಹೊಳೀತು ನಿಮ್ಗೆ ಇದು? ನಾನು ಹತ್ತು ವರ್ಷ ಬರದ್ರೂ ನಂಗೆ ಹೊಳೀತಿರ್ಲಿಲ್ಲ."

ಮುರ್ನಿಯ ಬಾಯಲ್ಲಿದ್ದ ಐಸ್ ಚಹಾ ಅಲ್ಲೇ ನಿಂತಿತು. ಆಗ ಮೊದಲ ಸಲ ಅವಳಿಗೆ ತನ್ನ ಸಾಲು ಕಾಣಿಸಿತು. ಮೂರು ವಾರ ದಿನಾ ಓದಿದ ಸಾಲು! ಪರೀಕ್ಷೆಯಲ್ಲಿ ಕೇಳಿದ್ದರೆ ಕಣ್ಣು ಮುಚ್ಚಿ ಸರಿಯಾದುದಕ್ಕೆ ಗುರುತು ಹಾಕುತ್ತಿದ್ದಳು. ಮಕ್ಕಳಿಗೆ ಹಲಗೆಯ ಮೇಲೆ ತಿದ್ದುವವಳು, ತನಗೇ ದೊಡ್ಡ ಮಾತು ಇಟ್ಟುಕೊಂಡು ಹೆತ್ತವಳಿಗೆ ಚಿಕ್ಕ ಮಾತು ಹಾಕಿದ್ದಳು. ಕೈ ತನ್ನಷ್ಟಕ್ಕೆ ಬರೆದಿತ್ತು, ಯಾಕೆಂದರೆ ಆ ಅಡುಗೆಮನೆಯಲ್ಲಿ ಆ ಮಾತುಗಳು ಬೇರೆ ಯಾರಿಗೂ ಇರಲೇ ಇಲ್ಲ. ಬೆಳಿಗ್ಗೆ ಎದ್ದರೆ ಮಾಕ್, ಅಂದರೆ ಅವಳ ಅಮ್ಮ, ಪವಡಿಸಿದ್ದು ಸಾಕಾಯಿತೇ ಎನ್ನುತ್ತಿದ್ದಳು. ತಟ್ಟೆ ಮುಂದಿಟ್ಟು, ಆರೋಗಣೆ ಆಗಲಿ ಎನ್ನುತ್ತಿದ್ದಳು. ಆಮೇಲೆ ತಾನು ತಿನ್ನುತ್ತಿದ್ದಳು. ಆರು ವರ್ಷದವಳಿದ್ದಾಗ ಒಂದು ದಿನ ಮಂಟಪದಲ್ಲಿ ದೊರೆಸಾನಿಯ ಅತಿಥಿಗಳು ಕೂತಿದ್ದರು. ಬಿಸ್ಕತ್ತಿನ ತಟ್ಟೆ ಕೊಟ್ಟು ಬರಲು ಹೋದವಳನ್ನು ದೊರೆಸಾನಿ ಪ್ರೀತಿಯಿಂದಲೇ, ನಿನ್ನ ಊಟ ಆಯಿತೇನೇ ಎಂದು ಕೇಳಿದ್ದರು. ಮುರ್ನಿ ಕೈ ಮುಂದೆ ಕಟ್ಟಿಕೊಂಡು, ಕಲಿಸಿದ ಹಾಗೆ ಬೆನ್ನು ಬಗ್ಗಿಸಿ, ಎಲ್ಲರಿಗೂ ಕೇಳಿಸಲೆಂದು ಗಟ್ಟಿಯಾಗಿ, "ನನ್ನ ಆರೋಗಣೆ ಆಯಿತು" ಎಂದಿದ್ದಳು. ಅವರು ನಕ್ಕದ್ದು ಕೆಟ್ಟ ನಗುವಲ್ಲ. ಒಬ್ಬಾಕೆ ಅವಳ ಕೆನ್ನೆಯನ್ನೂ ಚಿವುಟಿದಳು, ಒಂದು ಬಿಸ್ಕತ್ತೂ ಸಿಕ್ಕಿತು. ಆದರೆ ಅವಳಿಗೆ ನೆನಪುಳಿದದ್ದು ಹಿಂದೆ ಬಾಗಿಲಲ್ಲಿ ಮಾಕ್ ನಿಂತಿದ್ದದ್ದು, ದೊರೆಸಾನಿ ಮಾಕ್ ಕಡೆ ತಿರುಗಿ ಏನೋ ಅಂದದ್ದು, ಮಾಕ್ ಇಂಗ್ಗಿ ಅಂದದ್ದು. "ಬೇಕಂತ್ಲೇ ಅಲ್ವಾ ಅಕ್ಕಾ?" ಎಂದು ದಾನಾಂಗ್ ಇನ್ನೂ ಕೇಳುತ್ತಿದ್ದ. ಇಲ್ಲಪ್ಪ, ತಪ್ಪಾಗಿದೆ ಎಂದು ಅಲ್ಲೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವಳು ಚಹಾ ನುಂಗಿ ಮುಗುಳ್ನಕ್ಕಳು.

ಅಲ್ಲಿಂದಾಚೆಗೆ ಒಂದೊಂದು ಬಾಗಿಲು ತೆರೆದಷ್ಟೂ ಸುಳ್ಳು ದೊಡ್ಡದಾಗುತ್ತ ಹೋಯಿತು. ತರಗತಿಗೆ ತೆರೆದ ಶನಿವಾರ ಬು ನಾಸ್ತಿತಿ ಆ ಎರಡು ಸಾಲುಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿ, ನೋಡಿ, ಎರಡೇ ಕ್ರಿಯಾಪದಗಳಲ್ಲಿ ಒಂದು ಮನೆಯ ಮೇಲು ಕೀಳನ್ನೆಲ್ಲ ತಲೆಕೆಳಗು ಮಾಡಿದ್ದಾರೆ ಎಂದರು. ಇಪ್ಪತ್ತಾರು ಜನ ತಿರುಗಿ ನೋಡಿದರು. ಮಸೀದಿಯ ಮೆಟ್ಟಿಲ ಮೇಲೆ ಯಾರದೋ ಒಳ್ಳೆಯ ಚಪ್ಪಲಿ ಮೆಟ್ಟಿಕೊಂಡು ಬಂದವಳಿಗೆ ದಾರಿಯುದ್ದಕ್ಕೂ ಜನ, ಚಪ್ಪಲಿ ಎಷ್ಟು ಚೆನ್ನಾಗಿದೆ ಎಂದ ಹಾಗಾಯಿತು. ಆ ವಾರ ಎರಡು ಸಲ ಗುಟ್ಟಾಗಿ ತಿದ್ದಿ ನೋಡಿದಳು. ನಾನು ಒಲೆಯ ಪಕ್ಕ ಕೂತು ಉಂಡೆ, ಅಕ್ಕಿ ಚೀಲದ ಮೇಲೆ ಮಲಗಿದೆ, ಮಾಕ್ ಬಾಣಲೆಯ ತಳದ್ದನ್ನು ಆರೋಗಣೆ ಮಾಡಿದರು. ವ್ಯಾಕರಣ ಸರಿಯಾಯಿತು, ಅಡುಗೆಮನೆ ಮಾಯವಾಯಿತು. ಅಲ್ಲಿ ಯಾರೋ ಪಾಠಪುಸ್ತಕದ ತಾಯಿ ಮಗಳು ಕೂತಿದ್ದರು. ಮತ್ತೆ ಮೊದಲಿನ ಹಾಗೇ ಮಾಡಿ ಇಟ್ಟಳು. ಈಗ ಉಳಿದದ್ದು ಕೊನೆಯ ಬಾಗಿಲು. ಎಲ್ಲರಿಗೂ ಎಂದರೆ ಶಿಶುವಿಹಾರದ ಮುಖ್ಯಸ್ಥೆಗೂ, ದೊರೆಸಾನಿಯ ಮೊಮ್ಮಕ್ಕಳಿಗೂ, ವ್ಯಾಕರಣ ಬಲ್ಲ ಯಾವನೋ ಒಬ್ಬ ಮುದುಕನಿಗೂ. ಅವನು ಒಂದೇ ನೋಟಕ್ಕೆ ಹಿಡಿಯುತ್ತಾನೆ: ಇದು ಜಾಣತನವಲ್ಲ, ಇವಳಿಗೆ ಬರುವುದಿಲ್ಲ. ತೆರೆಯದಿದ್ದರೂ ಅಂಕವೇನೂ ಹೋಗುವುದಿಲ್ಲ ಎಂದು ಬು ನಾಸ್ತಿತಿ ಮೊದಲೇ ಹೇಳಿದ್ದರು. ಆದರೆ ತೆರೆಯದೆ ಇಟ್ಟುಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ. ಬರೆದದ್ದು ಚೆನ್ನಾಗಿದೆ ಎಂದು ಅವಳಿಗೂ ಗೊತ್ತಿತ್ತು, ಅದೇ ನಾಚಿಕೆಯ ಇನ್ನೊಂದು ಅರ್ಧ. ನಿಜ ಹೇಳಬೇಕೆಂದರೆ ಅವಳನ್ನು ತಡೆದದ್ದು ಇವು ಯಾವುವೂ ಅಲ್ಲ. ಬರಹದ ಉದ್ದಕ್ಕೂ ತಿಂದಳು, ಬಿದ್ದುಕೊಂಡಳು ಎಂದು ಬರೆಸಿಕೊಂಡ ಆ ಹೆಂಗಸನ್ನು ಅವಳು ಒಂದು ಮಾತೂ ಕೇಳಿರಲಿಲ್ಲ.

ಮೋಟಾರ್‌ಸೈಕಲ್ಲು ತಂಬಾಕಿನ ಹೊಲಗಳ ನಡುವಿನ ದಾರಿ ಹಿಡಿದಾಗ ಮೆರಾಪಿ ಬೆಟ್ಟ ಮೋಡ ಸರಿಸಿ ಪೂರ್ತಿ ಕಾಣುತ್ತಿತ್ತು. ಮನೆ ಮುಟ್ಟುವ ಹೊತ್ತಿಗೆ ಗಂಡನೂ ಮಗನೂ ಶುಕ್ರವಾರದ ನಮಾಜಿಗೆ ಹೊರಟುಹೋಗಿದ್ದರು. ಹಿತ್ತಲಿನ ಅಡುಗೆಮನೆಯಲ್ಲಿ ಮಾಕ್ ಪೆಯೆಕ್ ಕರಿಯುತ್ತಿದ್ದಳು. ನೀರಾದ ಅಕ್ಕಿ ಹಿಟ್ಟಿನಲ್ಲಿ ಕಡಲೆಕಾಯಿ ಬೀಜ ಅದ್ದಿ ಬಾಣಲೆಯ ಅಂಚಿಗೆ ಸುರಿಯುವುದು, ಅದು ಜಾರಿ ಎಣ್ಣೆಗೆ ಇಳಿದು ಗರಿಗರಿಯಾಗುವುದು. ಅರವತ್ತೇಳಾದರೂ ಮಾಕ್‌ನ ಕೈ ನಡುಗುವುದಿಲ್ಲ. ಮುರ್ನಿ ಕಾಲ್ಮಣೆ ಎಳೆದು ಕೂತು, ಆರಿದ ಪೆಯೆಕ್‌ಗಳನ್ನು ಕೊಟ್ಟೆಗೆ ತುಂಬುತ್ತ ಎರಡನ್ನು ಮುರಿದಳು.

"ಮುರೀಬೇಡ. ಏನಾಗಿದೆ ನಿಂಗೆ? ಒಂದು ವಾರದಿಂದ ಮೀನು ಕದ್ದ ಬೆಕ್ಕಿನ ಥರ ಓಡಾಡ್ತಿದೀಯ," ಎಂದಳು ಮಾಕ್, ತಿರುಗಿ ನೋಡದೆ.

ಕಾಲೇಜಿಗೆ ಒಂದು ಬರಹ ಬರೆದಿದ್ದೇನೆ, ಅದನ್ನು ಇವತ್ತು ಎಲ್ಲರೂ ಓದುವ ಹಾಗೆ ಮಾಡಬೇಕು, ಅದರಲ್ಲಿ ನೀವಿದ್ದೀರಿ ಎಂದಳು ಮುರ್ನಿ. ಮಾಕ್ ಉರಿ ಸಣ್ಣದು ಮಾಡಿ, ಓದು ಎಂದಳು. ಮುರ್ನಿ ಓದತೊಡಗಿದಳು. ಹೊಗೆ ಹಿಡಿದ ಗೋಡೆ, ಹಿತ್ತಲ ಬಾಗಿಲು, ತರಕಾರಿಯವಳು. ಮಾಕ್ ನಡುವೆ ಒಮ್ಮೆ, ಅಲ್ಲಿ ಕರಿಯುತ್ತಿದ್ದದ್ದು ಟೆಂಪೆ ಅಲ್ಲ, ತೋಫು, ಟೆಂಪೆ ಅವರ ಮನೆಯಲ್ಲಿ ಮಾಡುತ್ತಲೇ ಇರಲಿಲ್ಲ ಎಂದು ತಿದ್ದಿದಳು. ಮುರ್ನಿ ತೋಫು ಎಂದು ಮಾಡಿಕೊಂಡಳು. ಆ ಎರಡು ಸಾಲು ಹತ್ತಿರ ಬಂದಂತೆ ಅವಳ ದನಿ ಸಣ್ಣದಾಯಿತು. ನುಂಗಿಬಿಡೋಣ ಎನ್ನಿಸಿತು, ಮಾಕ್‌ಗೆ ಹೇಗೂ ತಿಳಿಯುವುದಿಲ್ಲ. ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೇ ಕೋಪ ಬಂದು, ಇದ್ದದ್ದಕ್ಕಿಂತ ಗಟ್ಟಿಯಾಗಿ ಓದಿಬಿಟ್ಟಳು. ನಾನು ಒಲೆಯ ಪಕ್ಕ ಕೂತು ಆರೋಗಣೆ ಮಾಡಿದೆ.

ಮಾಕ್ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಕುಣಿಸಿ, ಕೊನೆಗೆ ಜಾಲರಿ ಸೌಟು ಕೆಳಗಿಟ್ಟು ಸೆರಗಿನ ಬಟ್ಟೆಯಿಂದ ಕಣ್ಣೊರೆಸಿಕೊಂಡು ನಕ್ಕಳು. ಪವಡಿಸಿದೆ ಎಂದು ಮುಂದಿನದನ್ನು ತಾನೇ ಸೇರಿಸಿ ಮತ್ತೆ ನಕ್ಕಳು. ಮುರ್ನಿ ಬೆಪ್ಪಾಗಿ ನೋಡಿದಳು. ಗುರುಗಳು, ದಾನಾಂಗ್, ಇಪ್ಪತ್ತಾರು ಜನ, ಇಷ್ಟು ದಿನದಲ್ಲಿ ಒಬ್ಬರೂ ಆ ಸಾಲಿಗೆ ನಕ್ಕಿರಲಿಲ್ಲ. ನಗುವಂಥ ಸಾಲಲ್ಲವೇ ಅದು? ಮೈಮೇಲಿನ ಭಾರ ಯಾರೋ ಇಳಿಸಿದ ಹಾಗಾಗಿ ಅವಳಿಗೂ ನಗು ಬಂತು. ಬಾಣಲೆಯಲ್ಲಿದ್ದ ಎರಡು ಪೆಯೆಕ್ ಸೀದವು.

ತಪ್ಪಾಗಿದೆ, ನಿಮಗೆ ಬರೀ ತಿಂದಳು ಅಂತ ಹಾಕಿದ್ದೇನೆ, ಕಾಲೇಜಿನಲ್ಲಿ ಎಲ್ಲರೂ ಬೇಕೆಂದೇ ಹಾಗೆ ಬರೆದಿದ್ದೇನೆ ಅಂದುಕೊಂಡಿದ್ದಾರೆ, ಅಲ್ಲ ಅನ್ನುವ ಧೈರ್ಯ ನನಗೆ ಬರಲಿಲ್ಲ ಎಂದು ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಚಿಕ್ಕವಳಿದ್ದಾಗ ನೀವು ತಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಬಾಯಿಗೆ ಬಂದು ನಿಂತಿತು. ಮಾಕ್ ಸೀದದ್ದನ್ನು ಎತ್ತಿ ಬದಿಗೆ ಹಾಕುತ್ತಿದ್ದಳು. ಆಡದ ಆ ಮಾತು ಅವಳಿಗೆ ಹೇಗೋ ಕೇಳಿಸಿತು.

"ದೊರೆಸಾನಿ ಅವತ್ತೇ ಹೇಳಿದ್ರು, ಸಾಕಿಯೆಮ್, ಮಗೂಗೆ ಸರಿಯಾಗಿ ಕಲ್ಸು, ನಾಳೆ ನಾಲ್ಕು ಜನ ನಗ್ತಾರೆ ಅಂತ. ಇಂಗ್ಗಿ ಅಂದೆ."

"ಆಮೇಲೆ?"

"ಆಮೇಲೇನು, ಅಡುಗೆಮನೆಗೆ ಬಂದೆ. ನಿನ್ ಮುಂದೆ ತಟ್ಟೆ ಇಟ್ಟೆ. ಆರೋಗಣೆ ಆಗ್ಲಿ ಅಂದೆ."

"ತಪ್ಪು ಅಂತ ಗೊತ್ತಿತ್ತಾ ಮಾಕ್?"

"ಗೊತ್ತಿಲ್ದೆ ಏನು? ಹದಿನಾಲ್ಕು ವರ್ಷ ಆ ಮನೇಲಿ ದಿನಕ್ಕೆ ನೂರು ಸಲ ಅದೇ ಮಾತು ಆಡಿದೀನಿ, ಅವರಿಗೆ, ಅವರ ಮಕ್ಕಳಿಗೆ, ಅವರ ನಾಯಿ ನೋಡೋಕೆ ಬರ್ತಿದ್ದ ಡಾಕ್ಟ್ರಿಗೆ. ನಿಂಗೆ ಯಾರು ಹೇಳ್ತಿದ್ರು? ನಾನೂ ಹೇಳ್ದಿದ್ರೆ ಯಾರು ಹೇಳ್ತಿದ್ರು?"

ಕೋಪವಿರಲಿಲ್ಲ ಆ ಮಾತಿನಲ್ಲಿ. ಉಪ್ಪು ಎಷ್ಟು ಹಾಕಿದೆ ಎಂದು ಹೇಳುವ ದನಿಯಲ್ಲೇ ಹೇಳಿ, ಮಾಕ್ ಉರಿ ಮತ್ತೆ ದೊಡ್ಡದು ಮಾಡಿ ಹಿಟ್ಟು ಸುರಿದಳು. ಮುರ್ನಿಗೆ ಅಳು ಬರಬೇಕಿತ್ತು; ಬಂದದ್ದು ಒಂದು ತುಂಬು ಸಂತೋಷ, ಹೊಟ್ಟೆ ತುಂಬಿದಾಗ ಆಗುವಂಥದು. ಒಪ್ಪಿಸಬೇಕಾದ ಮಾತನ್ನು ತಾನು ಕದ್ದಿಟ್ಟುಕೊಂಡಿದ್ದೇನೆ ಎಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಅದು ಒಪ್ಪಿಸಲೆಂದು ಕೊಟ್ಟದ್ದಾಗಿರಲೇ ಇಲ್ಲ. ಕೇಳಿಸಿಕೊಳ್ಳಲೆಂದು ಕೊಟ್ಟದ್ದು. ದಡ್ಡಿ, ದಡ್ಡಿ ಎಂದು ತನ್ನನ್ನೇ ಬೈದುಕೊಂಡಳು, ಬಹಳ ಪ್ರೀತಿಯಿಂದ.

ತಿಂದಳು ಅನ್ನುವುದನ್ನಾದರೂ ಬದಲಾಯಿಸುತ್ತೇನೆ ಎಂದಳು. ಬೇಡ, ತಿಂದದ್ದು ನಿಜ ತಾನೇ, ತಳದ್ದು ಕೆರೆದು ಯಾರಾದರೂ ಆರೋಗಣೆ ಮಾಡುತ್ತಾರಾ ಎಂದಳು ಮಾಕ್. ಮುರ್ನಿ ತಡೆದು ತಡೆದು, ಕೆಲಸಕ್ಕಿದ್ದದ್ದು ಊರಿಗೆಲ್ಲ ತಿಳಿಯುವುದು ನಿಮಗೆ ಬೇಡವೆನ್ನಿಸಿದರೆ ಒಳಗೇ ಇಟ್ಟುಕೊಳ್ಳುತ್ತೇನೆ ಎಂದಳು. ಅದಕ್ಕೇ ನಿಮ್ಮ ಹೆಸರನ್ನು ಎಲ್ಲೂ ಹಾಕಿಲ್ಲ, ಬರೀ ಮಾಕ್ ಎಂದಷ್ಟೇ ಇದೆ.

ಮಾಕ್ ಈಗ ಪೂರ್ತಿ ತಿರುಗಿದಳು. ಅವಳ ಮುಖದಲ್ಲಿ ಆ ದಿನ ಮೊದಲ ಸಲ ಅಸಮಾಧಾನ ಕಾಣಿಸಿತು.

"ಇಷ್ಟುದ್ದ ಬರ್ದು ನನ್ ಹೆಸ್ರೇ ಹಾಕಿಲ್ವಾ? ತರಕಾರಿಯವಳ ಹೆಸರು ಹಾಕಿದೀಯ."

ಹೌದು, ಹಾಕಿದ್ದಳು. ಬೆಕ್ಕಿನ ಹೆಸರೂ ಇತ್ತು. ಮುರ್ನಿ ಎಣ್ಣೆ ಕೈಯನ್ನು ಮೊಣಕಾಲಿಗೆ ಒರೆಸಿಕೊಂಡು ಮೊದಲ ಸಾಲಿಗೆ ಹೋಗಿ ಹೆಸರು ಸೇರಿಸಿದಳು. ಮಾಕ್ ಪಕ್ಕಕ್ಕೆ ಬಂದು, ಕನ್ನಡಕವಿಲ್ಲದೆ ಫೋನನ್ನು ದೂರ ಹಿಡಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡಳು, ಸರಿ ಎಂದಳು. ದೊರೆಸಾನಿಯ ಮನೆಯವರೂ ಓದುತ್ತಾರಾ ಎಂದು ಕೇಳಿದಳು. ಓದಬಹುದು. ನಗುತ್ತಾರಾ? ನಗಬಹುದು. ಮಾಕ್ ಯೋಚಿಸಿ, ನಗಲಿ, ಒಳ್ಳೇದೇ ಎಂದು ಬಾಣಲೆಯ ಹತ್ತಿರ ಹೋದಳು.

ದೂರದಲ್ಲಿ ಮಸೀದಿಯಿಂದ ಗಂಡಸರು ಬರುತ್ತಿರುವ ಸದ್ದು, ಮಗನ ಸೈಕಲ್ಲಿನ ಗಂಟೆ. ಮುರ್ನಿ ಅಂಚಿನ ಹಳದಿ ಪ್ರಶ್ನೆಗೆ ಹೋದಳು. ತಾನು ಬರೆದಿದ್ದ ಇಂಗ್ಗಿ ಅಲ್ಲೇ ಕೂತಿತ್ತು. ಅದನ್ನು ಅಳಿಸಿದಳು. ನೀವು ಬರೆದಿಟ್ಟ ಟಿಪ್ಪಣಿ ದಯವಿಟ್ಟು ಬದಲಾಯಿಸಿ ಬು ಎಂದು ಶುರು ಮಾಡಿ ಮುಂದುವರಿಸಿದಳು. 'ನನಗೆ ಆ ಸಾಲು ತಪ್ಪೆಂದು ತಿಳಿದೇ ಇರಲಿಲ್ಲ. ಆದರೆ ಅದು ಬೇಕೆಂದೇ ಮಾಡಿದ್ದು ಹೌದು. ಮಾಡಿದವರು ನಾನಲ್ಲ, ನನ್ನ ತಾಯಿ ಸಾಕಿಯೆಮ್ ಅವರು.' ಆಮೇಲೆ ಮೇಲಿನ ಪಟ್ಟಿಯನ್ನು ಕೆಳಗೆಳೆದು 'ಎಲ್ಲರಿಗೂ' ಎಂಬುದನ್ನು ಒತ್ತಿದಳು.